ರಾಹುಕಾಲದಲ್ಲಿ ಶಿರಾ ಪ್ರದಕ್ಷಿಣೆ

ಪುಕ್ಕಟೆ ತಿಂಡಿ ಕೊಡಿಸುವವರನ್ನು ನಾನು ಸುಲಭವಾಗಿ ನಂಬುವವನಲ್ಲ. ಎದುರಿಗೆ ತಟ್ಟೆ ಬಂದೊಡನೆ ಬಾಯಲ್ಲಿ ನೀರೂರುವ ಮೊದಲೇ ಮನಸ್ಸಿನಲ್ಲಿ ಸಂಶಯ ಊರುತ್ತದೆ. ಇದು ವಂಶಪಾರಂಪರ್ಯವಾಗಿ ಬಂದದ್ದು. ಹಾಲಿನವಳ ಎದುರೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದ ತಾಯಿಯ ಮಗ ನಾನು. ಆದ್ದರಿಂದ ಎಪ್ಪತ್ತರ ದಶಕದ ಕೊನೆಯಲ್ಲೊಮ್ಮೆ ಶಿರಾದ ಹಳೇ ಪೇಟೆಯನ್ನು ತಿನ್ನುತ್ತ ಸುತ್ತಿದ ಆ ಬೆಳಗ್ಗೆ, ನನ್ನ ನಾಲಗೆಗಿಂತ ಕಣ್ಣೇ ಹೆಚ್ಚು ಕೆಲಸ ಮಾಡಿತೆಂದರೆ ನೀವು ಆಶ್ಚರ್ಯಪಡಬೇಕಿಲ್ಲ.

ಮಧುಗಿರಿಯಲ್ಲಿ ಮೇಷ್ಟರಾಗಿದ್ದ ನಾನು ಅಮ್ಮನೊಡನೆ ಹೆಣ್ಣು ನೋಡಲು ಹೋಗಿದ್ದೆ. ಬಸ್ಸುಗಳ ಚರಿತ್ರೆಯಲ್ಲೇ ಅಪರೂಪವೆಂಬಂತೆ ಅಂದಿನ ಬಸ್ಸು ಹೊತ್ತಿಗೆ ಮುಂಚೆ ತಲುಪಿಬಿಟ್ಟಿತು. ರಾಹುಕಾಲ ಕಳೆಯುವ ತನಕ ಹುಡುಗಿಯನ್ನು ಹೊರಗೆ ಕರೆಯುವಂತಿರಲಿಲ್ಲ. ಅಮ್ಮ ಒಳಗೆ ಹೆಂಗಸರೊಡನೆ ಮಾತಿಗೆ ಕೂತಳು. ಹುಡುಗಿಯ ಸೋದರಮಾವ, ತಂದೆಯಿಲ್ಲದ ಆಕೆಯನ್ನು ಸಾಕಿ ಬೆಳೆಸಿದ ಕಡಲೆಕಾಯಿ ವ್ಯಾಪಾರಿ ರಂಗಣ್ಣನವರು ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದರು.

"ಬನ್ನಿ ಮೇಷ್ಟ್ರೇ, ಕೋಟೆ ಕಡೆ ಒಂದು ಸುತ್ತು ಹೋಗ್ಬರಾನ. ಸುಮ್ಕೆ ಕುಂತು ಏನ್ಮಾಡೀರಿ?"

ಸುಮ್ಮನೆ ಯಾರೂ ಯಾರನ್ನೂ ಕರೆಯುವುದಿಲ್ಲ ಎಂದು ನನ್ನೊಳಗಿನ ಅಮ್ಮ ಎಚ್ಚರಿಸಿದಳು.

ಕೋಟೆಯ ಕಂದಕದ ಬಳಿ ಅವರು ನವಾಬರ ಆನೆಗಳ ಕಥೆ ಆರಂಭಿಸಿದರು; ಆನೆ ಬಾಗಿಲು ದಾಟುವ ಮುನ್ನವೇ ನಾವು ಹೋಟೆಲೊಂದರ ಬೆಂಚಿನ ಮೇಲಿದ್ದೆವು. ಜಾಮಿಯಾ ಮಸೀದಿಯ ಕಲ್ಲಿನ ಹೂಗಳೆದುರು ಅರೆಕ್ಷಣ ನಿಂತೆವು, ಪಕ್ಕದ ಗಲ್ಲಿಯ ಜಿಲೇಬಿ ಬಾಣಲೆಯೆದುರು ಬಹುಕಾಲ. ನನ್ನ ಮಾರ್ಗದರ್ಶಕರಿಗೆ ಪುರಾತತ್ತ್ವಕ್ಕಿಂತ ಪೂರಿತತ್ತ್ವವೇ ಪ್ರಿಯವೆಂಬುದು ಸ್ಪಷ್ಟವಾಯಿತು. ಹೋದಲ್ಲೆಲ್ಲ ಒಂದೇ ಘೋಷಣೆ: "ನಮ್ಮ ಹುಡ್ಗೀನ ನೋಡಾಕೆ ಬಂದವ್ರೆ, ಚೆನ್ನಾಗಿರೋದು ಕೊಡಪ್ಪ!" ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುವರು.

ನನಗೆ ಎಲ್ಲವೂ ಹೊಳೆಯಿತು. ಇದು ಪಟ್ಟಣದರ್ಶನವಲ್ಲ, ವರಪರೀಕ್ಷೆ! ಚಟ್ನಿ ಚೆಲ್ಲುತ್ತೇನೆಯೇ, ಸಪ್ಪಳ ಮಾಡಿ ಟೀ ಹೀರುತ್ತೇನೆಯೇ, ನಡೆದರೆ ಉಬ್ಬಸ ಬರುತ್ತದೆಯೇ, ಹಲ್ಲುಗಳು ಸ್ವಂತದವೇ ಎಂಬುದಕ್ಕೆಲ್ಲ ಎಲ್ಲೋ ಅಂಕ ಬೀಳುತ್ತಿದೆ. ದಿನವೂ ಮಕ್ಕಳನ್ನು ಪರೀಕ್ಷಿಸುವ ನಾನು ಪರೀಕ್ಷಾರ್ಥಿಯ ಸಂಕಟದಿಂದ ಪೂರಿಯನ್ನು ಚೂರುಚೂರು ಮಾಡಿ ನುಂಗಿದೆ; ಜಿಲೇಬಿಯನ್ನು ಮುಟ್ಟಿದ ಶಾಸ್ತ್ರ ಮಾಡಿ ತಟ್ಟೆ ಸರಿಸಿದೆ.

"ದೇವ್ರು ಕೊಟ್ಟಿದ್ದ ಬಿಸಾಕಬಾರ್ದು," ಎನ್ನುತ್ತ ರಂಗಣ್ಣನವರು ಅದನ್ನು ತಮ್ಮತ್ತ ಎಳೆದುಕೊಂಡರು. ಅವರ ಪಾಲಿನದು ಆಗಲೇ ಮುಗಿದಿತ್ತು.

ಬಾಣಲೆಯ ಹಿಂದಿದ್ದ ಸಾಬರು ಜಾಲರಿ ಕೆಳಗಿಟ್ಟರು. "ಕ್ಯಾ ರಂಗಣ್ಣ, ಡಾಕ್ಟ್ರು ಮೀಠಾ ಬಂದ್ ಅಂದವ್ರೆ ಅಂತ ನೀವೇ ಹೇಳಿದ್ರಲ್ಲ?"

"ಇವತ್ತು ಶುಭಕಾರ್ಯ, ಸುಮ್ಕಿರು ಭಾಯ್!"

ಇದೂ ನನ್ನನ್ನು ಅಳೆಯಲು ಹೂಡಿದ ನಾಟಕವೇ ಇರಬೇಕೆಂದು ನಾನು ಮುಖವನ್ನು ಇನ್ನಷ್ಟು ಗಂಭೀರವಾಗಿಸಿಕೊಂಡೆ.

ಮನೆಗೆ ಮರಳಿದೆವು. ರಾಹು ತೊಲಗಿದ, ಹುಡುಗಿ ಸಾವಿತ್ರಿ ಕಾಫಿ ತಂದಳು. ಸಂಬಳ, ವರ್ಗಾವಣೆ, ಜಾತಕ ಎಲ್ಲಕ್ಕೂ ಉತ್ತರ ಸಿದ್ಧಮಾಡಿಕೊಂಡು ಕೂತಿದ್ದೆ. ಆಕೆ ಲೋಟ ಹಿಡಿದೇ ನನ್ನನ್ನು ನೇರವಾಗಿ ನೋಡಿ ಕೇಳಿದಳು:

"ಮಾವ ಹೊರಗಡೆ ಸಿಹಿ ತಿಂದ್ರಾ? ನಿಜ ಹೇಳಿ. ಸಕ್ಕರೆ ಕಾಯ್ಲೆ ಅವ್ರಿಗೆ. ಹೋದ ತಿಂಗ್ಳು ಕಡಲೆಕಾಯಿ ಮಂಡೀಲಿ ಜ್ಞಾನ ತಪ್ಪಿ ಬಿದ್ದಿದ್ರು. ನಾನು ಕೇಳಿದ್ರೆ ಸುಳ್ಳು ಹೇಳ್ತಾರೆ."

ಆಕೆಯ ಹಿಂದೆ ನಿಂತಿದ್ದ ರಂಗಣ್ಣನವರು ಟವೆಲಿನ ಮರೆಯಲ್ಲಿ ನನಗೆ ಕೈಮುಗಿದರು. ಹೆಣ್ಣು ಕೊಡುವವರು ಅವರೇ. ಅಮ್ಮ ನನ್ನ ಕಾಲು ತುಳಿದಳು. ಆದರೆ ಸಾವಿತ್ರಿ ಲೋಟವನ್ನು ಕೊಡದೆ ನನ್ನ ಉತ್ತರಕ್ಕೇ ಕಾದು ನಿಂತಿದ್ದಳು. ಬೆಳಗ್ಗೆಯೆಲ್ಲ ಇಲ್ಲದ ಕಪಟವನ್ನು ಹುಡುಕುತ್ತ ನಡೆದ ನನಗೆ, ಪಕ್ಕದಲ್ಲೇ ನಡೆದ ಕಾಯಿಲೆಯ ಮನುಷ್ಯ ಕಂಡೇ ಇರಲಿಲ್ಲ.

"ತಿಂದ್ರು," ಎಂದೆ. "ಜಿಲೇಬಿ. ನನ್ನ ತಟ್ಟೆಯದನ್ನೂ."

"ಥೂ, ಚಾಡಿಕೋರ!" ರಂಗಣ್ಣನವರು ಸಿಡಿದರು. "ಬ್ಯಾಡ ಕಣವ್ವ ಈ ಸಂಬಂಧ. ತಿಂಡಿ ಕೊಡಿಸ್ದೋನ್ನೇ ಹಿಡ್ಕೊಟ್ಟೋನು ನಾಳೆ ನಿನ್ನ ಬುಟ್ಟಾನಾ?"

ಸಾವಿತ್ರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂಗೆ ಒಪ್ಪಿಗೆ ಮಾವ. ಇಷ್ಟು ದಿನ ನಿಮ್ಮನ್ನ ಕಾಯಾಕೆ ನಾನೊಬ್ಳೇ ಆಗಿದ್ದೆ."

ಮದುವೆಯನ್ನು ರಂಗಣ್ಣನವರೇ ಮುಂದೆ ನಿಂತು ನಡೆಸಿದರು. ನನ್ನೊಡನೆ ಮಾತ್ರ ಮಾತಿಲ್ಲ. ಏನಿದ್ದರೂ "ಗಂಡಿಗೆ ಹೇಳಿ" ಎಂದು ಗಂಡಿನ ಎದುರೇ ಇನ್ನೊಬ್ಬರಿಗೆ ಹೇಳುವರು. ಊಟಕ್ಕೆ ಕೂತಾಗ ನನ್ನ ಪಕ್ಕದ ಎಲೆಯೇ ಅವರದಾಯಿತು. ಬಡಿಸುವವನು ಗಮನಿಸದೆ ಅವರಿಗೂ ಒಬ್ಬಟ್ಟು ಹಾಕಿ ಮುಂದೆ ಹೋದ. ಅವರು ಅದನ್ನು ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಎತ್ತಿ ನನ್ನ ಎಲೆಗೆ ಹಾಕಿದರು.

"ತಿನ್ನಿ. ನನ್ನ ಪಾಲಿಂದು ಇನ್ಮೇಲೆ ನಿಮ್ದೇ."

ಇದು ಸೇಡೋ ಆಶೀರ್ವಾದವೋ ಎಂದು, ಹಳೆಯ ಚಾಳಿಯಂತೆ, ಅವರ ಮುಖ ನೋಡಿದೆ. ಅವರ ತುಂಬಿದ ಕಣ್ಣು ಒಬ್ಬಟ್ಟಿನ ಮೇಲಿರಲಿಲ್ಲ. ನನ್ನಾಚೆ ತಲೆ ತಗ್ಗಿಸಿ ಕೂತಿದ್ದ ಸಾವಿತ್ರಿಯ ಮೇಲಿತ್ತು.