ಗಂಟು ಕಟ್ಟಲೇ, ಗಾಡಿ ಬಂತು

ಭಾನುವಾರ ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿರುವಾಗ ವಸಂತಾ ಗಂಡನ ಬಲಗೈಯನ್ನು ಎತ್ತಿ ದಿಂಬಿನ ಮೇಲಿಟ್ಟು ಟೀವಿ ಹಾಕಿದರು. ಅಟ್ಲಾಂಟಾದ ಬೇಸ್‌ಬಾಲ್ ತಂಡ ಬ್ರೇವ್ಸ್‌ನ ಟೋಪಿಯನ್ನು ಡಾಕ್ಟರ್ ಶೇಷಾದ್ರಿ ಎಡಗೈಯಲ್ಲಿ ತಾವೇ ಹಾಕಿಕೊಂಡರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಅವರು ನರರೋಗ ತಜ್ಞ. ಅಟ್ಲಾಂಟಾಕ್ಕೆ ಬಂದು ಇಪ್ಪತ್ತನಾಲ್ಕು ವರ್ಷವಾಗಿತ್ತು. ಆ ವರ್ಷ, ೧೯೯೮ರ ಮೇ ತಿಂಗಳಲ್ಲಿ, ಅವರಿಗೇ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಯಿತು. ಜೊತೆಗೆ ಮಾತೂ ಹೋಯಿತು. ಉಳಿದದ್ದು ‘ಅದೇ’ ಎಂಬ ಒಂದು ಪದ. ಕಾಫಿ ಬೇಕಾದರೂ ಅದೇ, ಬೇಡವಾದರೂ ಅದೇ. ಬೇರೆಯವರು ಆಡಿದ್ದೆಲ್ಲ ಅರ್ಥವಾಗುತ್ತಿತ್ತು. ವಾರಕ್ಕೆರಡು ದಿನ ವಸಂತಾ ನಾರ್‌ಕ್ರಾಸ್‌ನ ಮನೆಯಿಂದ ಅವರನ್ನು ಸ್ಪೀಚ್ ಥೆರಪಿಗೆ ಕರೆದೊಯ್ಯುತ್ತಿದ್ದರು. ಮರುದಿನ ಸೋಮವಾರ ಪರೀಕ್ಷೆಯಿತ್ತು. ಕೇಳಿದಾಗ ಒಂದಾದರೂ ಹೊಸ ಪದ ಹೇಳಿದರೆ ಇನ್ಶೂರೆನ್ಸಿನವರು ಥೆರಪಿ ಮುಂದುವರಿಸುತ್ತಾರೆ, ಇಲ್ಲವಾದರೆ ನಿಲ್ಲಿಸುತ್ತಾರೆ.

ಆಟ ನ್ಯೂಯಾರ್ಕಿನ ಮೆಟ್ಸ್ ಜೊತೆ. ಎರಡೂ ತಂಡಗಳು ಲೀಗಿನ ಒಂದೇ ಗುಂಪಿನವು, ಒಂದೇ ಡಿವಿಷನ್ನಿನವು, ದಾಯಾದಿಗಳ ಹಾಗೆ. ಬ್ರೇವ್ಸ್ ಆಗಲೇ ಡಿವಿಷನ್ ಗೆದ್ದಾಗಿತ್ತು. ಶುಕ್ರವಾರ, ಶನಿವಾರ ಮೆಟ್ಸ್ ಇಲ್ಲಿಯೇ ಬಂದು ಸೋತಿತ್ತು. ಭಾನುವಾರವೂ ಸೋತರೆ ಅದರ ವರ್ಷ ಅಲ್ಲಿಗೆ ಮುಗಿಯುತ್ತಿತ್ತು.

ಮೆಟ್ಸ್ ಕಡೆಯವರೆಂದರೆ ಶೇಷಾದ್ರಿಯವರ ಪಾಲಿಗೆ ಅಣ್ಣಾಸಾಹೇಬ. ಹುಬ್ಬಳ್ಳಿ ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ರೂಮಿನವರು. ಅಣ್ಣಾಸಾಹೇಬ ಈಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮೂಳೆ ಡಾಕ್ಟರು. ಹಾಸ್ಟೆಲಿನಲ್ಲಿ ಕೇರಂ ಸೋತವನನ್ನು ಗೆದ್ದವನು ಬೋರ್ಡಿನ ಮುಂದಿನಿಂದ ಎಬ್ಬಿಸುತ್ತಿದ್ದ ಮಾತೊಂದಿತ್ತು. ಬೇಸ್‌ಬಾಲ್ ಹಿಡಿದ ಮೇಲೂ ಅದೇ ಮಾತು ಫೋನಿನಲ್ಲಿ ನಡೆಯುತ್ತಿತ್ತು. ಮೇ ತಿಂಗಳಿಂದೀಚೆಗೆ ಅಣ್ಣಾಸಾಹೇಬನೊಬ್ಬನೇ ಮಾತಾಡುತ್ತಿದ್ದ. ವಸಂತಾ ರಿಸೀವರನ್ನು ಗಂಡನ ಕಿವಿಗೆ ಹಿಡಿದಿರುತ್ತಿದ್ದರು.

ಬ್ರೇವ್ಸ್ ಮುಂದಾಯಿತು, ಮುಂದೆಯೇ ಉಳಿಯಿತು. ಶೇಷಾದ್ರಿ ಎಡ ಹಿಮ್ಮಡಿಯಿಂದ ನೆಲ ಕುಟ್ಟಿದರು. ಕಡೆಯ ಇನ್ನಿಂಗ್ಸ್‌ನಲ್ಲಿ ಪಿಚ್ಚರ್ ಚೆಂಡು ಎಸೆಯುವ ಮುನ್ನವೇ ಅವರ ಉಸಿರು ನಿಂತಿರುತ್ತಿತ್ತು. ಕೊನೆಯ ಔಟ್ ಆದಾಗ ಮೈಯ ಒಳಗೆಲ್ಲ ಬೆಚ್ಚಗಾಯಿತು. ಬಲಗೈ ಸಹ ತಮ್ಮದೇ ಅನ್ನಿಸಿತು. ಮೂರಕ್ಕೆ ಮೂರು. ಕ್ಯಾಮೆರಾ ಮೆಟ್ಸ್ ಆಟಗಾರರ ಸಾಲನ್ನು ತೋರಿಸಿತು. ಯಾರೂ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಇನ್ನೊಂದು ಸಲ ತೋರಿಸಲಿ ಎಂದು ಅವರು ಕಾದರು.

ಫೋನ್ ಬಂತು. ವಸಂತಾ ಕಿವಿಗೆ ಹಿಡಿದರು.

"ಏನಲೇ ಶೇಷ್ಯಾ, ಹೊಟ್ಟಿ ತಣ್ಣಗಾತೇನು?"

"ಗಂಟು ಕಟ್ಟಲೇ, ಗಾಡಿ ಬಂತು," ಎಂದರು ಶೇಷಾದ್ರಿ.

ಹಾಸ್ಟೆಲಿನ ಅದೇ ಮಾತು, ಒಂದಕ್ಷರವೂ ತೊದಲಲಿಲ್ಲ. ವಸಂತಾ ರಿಸೀವರ್ ಕಿತ್ತುಕೊಂಡು, ಕೇಳಿಸಿತೇ ನಿಮಗೆ ಎಂದು ಮೂರು ಸಲ ಕೇಳಿದರು. ಕೇಳಿಸಿತು ವೈನಿ, ಭಾಳ ಛಲೋ ಆತು ಎಂದ ಅಣ್ಣಾಸಾಹೇಬ, ಬೇಗ ಫೋನಿಟ್ಟ.

ಅವನು ಯಾಕೆ ಬೇಗ ಇಟ್ಟ ಎಂಬುದು ಶೇಷಾದ್ರಿಯವರಿಗೆ ಗೊತ್ತಾಯಿತು. ರೂಢಿಯ ಬೈಗುಳ, ಮಂತ್ರ, ಮಗ್ಗಿ, ಹಾಡು ಮಿದುಳಿನ ಬೇರೆ ಕಡೆಯಿಂದ ಬರುತ್ತವೆ. ಅವು ಬಂದ ಮಾತ್ರಕ್ಕೆ ಮಾತು ಮರಳಿದಂತಲ್ಲ. ಹತ್ತು ವರ್ಷದ ಹಿಂದೆ ಒಬ್ಬ ರೋಗಿ, ‘ನೀರು’ ಎನ್ನಲಾರದ ಮುದುಕ, ಚರ್ಚಿನ ಹಾಡನ್ನು ಪೂರ್ತಿ ಹಾಡಿದ್ದ. ಅವನ ಮಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಿ ಬಂದಿದ್ದಳು. ಶೇಷಾದ್ರಿ ಅವಳನ್ನು ಕೂರಿಸಿ ಇದನ್ನೇ ವಿವರಿಸಿದ್ದರು. ನಾಲ್ಕು ನಿಮಿಷ ಹಿಡಿದಿತ್ತು. ನಡುವೆ ಒಮ್ಮೆ ಗಡಿಯಾರ ನೋಡಿಕೊಂಡಿದ್ದರು. ಅಂಥ ಮನೆಯವರು ಎಷ್ಟೋ ಮಂದಿ. ಈಗ ವಸಂತಾ ಅಡುಗೆಮನೆಯಲ್ಲಿ ದೇವರಿಗೆಂದು ಶ್ಯಾವಿಗೆ ಪಾಯಸಕ್ಕೆ ಹಾಲಿಡುತ್ತಿದ್ದರು. ಶೇಷಾದ್ರಿ ಕೂಗಿದರು. ಬಂದದ್ದು, "ಅದೇ, ಅದೇ."

"ಬಂದೆ ರೀ," ಎಂದರು ವಸಂತಾ. ದನಿಯಲ್ಲಿ ನಗುವಿತ್ತು.

ಸೋಮವಾರ ಹನ್ನೊಂದಕ್ಕೆ ಥೆರಪಿಸ್ಟ್ ಎದುರು ವಸಂತಾ ಎಲ್ಲವನ್ನೂ ಹೇಳಿದರು. ಕನ್ನಡದ ಆ ಮಾತಿಗೆ ಅರ್ಥ ಹೇಳುವಾಗ ಅವರಿಗೇ ನಗು ಬಂತು. ಥೆರಪಿಸ್ಟ್ ಸಹ ನಕ್ಕು, ಈಗೊಮ್ಮೆ ಹೇಳಿಸಿ ನೋಡೋಣ ಎಂದಳು.

"ರೀ, ನಿನ್ನೆ ಅಂದ್ರಲ್ಲ. ಗಂಟು... ಗಂಟು ಏನು? ನೀವೇ ಹೇಳಿ."

ಶೇಷಾದ್ರಿ ಬಾಯಿ ತೆರೆದರು. ನಾಲಿಗೆ ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ. ಥೆರಪಿಸ್ಟ್ ಬೀಗದ ಕೈಯ ಚಿತ್ರ ತೋರಿಸಿದಳು, ಆಮೇಲೆ ಬಾಚಣಿಗೆ, ಚಮಚ. ಮೂರಕ್ಕೂ ‘ಅದೇ’. ಅವಳು ಬರೆದುಕೊಂಡಳು. ಬಳಿಕ ಪೆನ್ನು ಕೆಳಗಿಟ್ಟು, ವಸಂತಾ ಕಡೆ ತಿರುಗಿ, ಮಿದುಳಿನ ಬೇರೆ ಕಡೆಯಿಂದ ಬರುವ ಮಾತಿನ ವಿಷಯ ಹೇಳಿದಳು. ಹೆಚ್ಚುಕಡಿಮೆ ಶೇಷಾದ್ರಿಯವರ ವಾಕ್ಯಗಳೇ. ಗಡಿಯಾರ ಮಾತ್ರ ನೋಡಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ವಸಂತಾ ಅವರಿಗೆ ಸೀಟ್ ಬೆಲ್ಟ್ ಹಾಕಿದರು, ತಾವು ಕೂತರು, ಕಾರು ಸ್ಟಾರ್ಟ್ ಮಾಡಲಿಲ್ಲ.

"ಆ ಹುಡುಗಿಗೇನು ಗೊತ್ತು. ನೀವು ಡಾಕ್ಟರು, ನೀವು ಹೇಳಿ. ಅವಳು ಹೇಳಿದ್ದು ನಿಜವಾ?"

ಸುಮ್ಮನಿರಬಹುದಿತ್ತು. ಶೇಷಾದ್ರಿ ಎಡಗೈಯಲ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೆಂಡತಿಯ ಮುಖ ನೋಡಿ, ಹೌದೆಂದು ತಲೆಯಾಡಿಸಿದರು.

ವಸಂತಾ ಕಾರು ಹೊರಡಿಸಿದರು. ಗುರುವಾರದ್ದು ಕೊನೆಯ ಥೆರಪಿ. ಅದಕ್ಕೂ ಇಬ್ಬರೂ ಹತ್ತು ನಿಮಿಷ ಮುಂಚೆಯೇ ಹೋದರು.