ವಿಭೂತಿ ಹಚ್ಚಿದ ರೆಕಾರ್ಡು

ಹಟ ಅನ್ನಿ, ಹುಚ್ಚು ಅನ್ನಿ, ನಾನು ಮಲೇಷ್ಯಾಕ್ಕೆ ಹೋದದ್ದು ಅಲ್ಲಿಯ ಜೋಡಿ ಗೋಪುರ ನೋಡುವುದಕ್ಕಲ್ಲ, ಒಂದು ರೆಕಾರ್ಡು ಹುಡುಕುವುದಕ್ಕೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ನಮ್ಮನೆಯವರು ನಂಜನಗೂಡಿನಿಂದ ಹೊರಡುವ ಟೂರಿನವರ ಹತ್ತಿರ ಹೆಸರು ಬರೆಸಿ ಬಂದರು. "ಅದ್ರಲ್ಲಿ ಪೆನಾಂಗ್ ಇದ್ಯಾ?" ಅಂದೆ. ಇದೆ, ಒಂದು ದಿನ, ಅಂದರು. ಹಾಗಾದರೆ ಬರುತ್ತೇನೆ ಅಂದೆ.

ಕಾರಣವಿತ್ತು. ಫೋನಿನಲ್ಲಿ ಹಳೇ ಹಾಡುಗಳ ಹುಚ್ಚರ ಗುಂಪೊಂದಿದೆ. ಅದರಲ್ಲಿ ಯಾರೋ ಪೆನಾಂಗಿನ ಒಂದು ರೆಕಾರ್ಡ್ ಅಂಗಡಿಯ ಫೋಟೊ ಹಾಕಿದ್ದರು. ರಾಶಿಯ ಮೇಲೊಂದು ಚಿಕ್ಕ ರೆಕಾರ್ಡು, ನೀಲಿ ಲೇಬಲ್, ಅದರ ಮೇಲೆ ಕನ್ನಡದಲ್ಲಿ ಸೋಬಾನೆ ಪದ ಅಂತ ಬರೆದದ್ದು ಅರ್ಧ ಕಾಣುತ್ತಿತ್ತು. ಆ ನೀಲಿ ನನಗೆ ಗೊತ್ತು. ಅಂಥದ್ದೊಂದನ್ನು ಈ ಕೈಯಾರೆ ಹಾಳುಮಾಡಿದವಳು ನಾನು.

ನಮ್ಮಪ್ಪನದು ತಿ. ನರಸೀಪುರದಲ್ಲಿ ಮೈಕ್ ಸೆಟ್ ಅಂಗಡಿ. ಮದುವೆ, ನಾಮಕರಣ ಎಲ್ಲಿದ್ದರೂ ನಮ್ಮ ಹಾರ್ನೇ ಕೂಗಬೇಕು. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಆಗ ನಮ್ಮ ಜೊತೆಯಲ್ಲೇ ಇದ್ದಳು. ನಾನು ಹುಟ್ಟುವ ಮೊದಲು ಮೈಸೂರಿಗೆ ಬಂದ ಒಂದು ಕಂಪನಿಯವರು ನಾಲ್ಕು ಜನ ಹೆಂಗಸರನ್ನು ಕೂರಿಸಿ ಸೋಬಾನೆ ಪದ ಹಾಡಿಸಿ ರೆಕಾರ್ಡು ಮಾಡಿದ್ದರು. ಅವರಲ್ಲಿ ಅತ್ತೆಯೂ ಒಬ್ಬಳು. ಎರಡನೇ ಬದಿಯಲ್ಲಿ ಎರಡು ಸಾಲು ಅವಳದೇ, ಅವಳೊಬ್ಬಳದೇ. ಆ ಸಾಲು ಬಂದಾಗ ಅಪ್ಪ ಸುಮ್ಮಸುಮ್ಮನೆ ಸೌಂಡು ಜಾಸ್ತಿ ಮಾಡುತ್ತಿದ್ದ.

ಆಯುಧಪೂಜೆಯ ದಿನ ಅಪ್ಪ ಮೈಕು, ಹಾರ್ನು, ರೆಕಾರ್ಡು ಎಲ್ಲವನ್ನೂ ಜಮಖಾನದ ಮೇಲೆ ಹರಡಿ ವಿಭೂತಿ ಹಚ್ಚುತ್ತಿದ್ದ. ರೆಕಾರ್ಡಿಗೆ ಮಾತ್ರ ನಡುವಿನ ಲೇಬಲ್ಲಿಗೆ, ಬೆರಳ ತುದಿಯಲ್ಲಿ ಒಂದೇ ಬೊಟ್ಟು. ನನಗೆ ಒಂಬತ್ತಿದ್ದಾಗ ಅಪ್ಪ ಪೂಜೆಯ ನಡುವೆ ಎದ್ದು ಊದುಬತ್ತಿ ತರಲು ಹೋದ. ಅತ್ತೆಯ ರೆಕಾರ್ಡಿಗೆ ಒಂದು ಬೊಟ್ಟು ಸಾಲದು ಅಂತ ನನ್ನ ಭಕ್ತಿ ಉಕ್ಕಿತು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಮೂರು ಬೆರಳಿನಿಂದ ಈ ಅಂಚಿನಿಂದ ಆ ಅಂಚಿಗೆ ಎಳೆದೆ, ಹಣೆಗೆ ಎಳೆಯುವ ಹಾಗೆ. ಎರಡೂ ಬದಿಗೆ! ಒಣಗಿ ಬೆಳ್ಳಗೆ ಎದ್ದು ಕಂಡಾಗ ಹೆದರಿಕೆಯಾಯಿತು. ಹಿತ್ತಲಿಗೆ ಒಯ್ದು ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಲ್ಲಿ ದೀಪದ ಕಂಬ ಉಜ್ಜಿದಂತೆ ಉಜ್ಜಿದೆ. ರೆಕಾರ್ಡು ಫಳಫಳ ಅಂತು, ಹಾಡು ಹೋಯಿತು.

ಅಪ್ಪ ಕೈ ಎತ್ತಿದ. ಅತ್ತೆ ಅಡ್ಡ ಬಂದಳು. "ಬುಡ್ಲಾ, ಕೂಸು ಪೂಜೆ ತಾನೇ ಮಾಡಿರಾದು? ನಾನಿಲ್ವಾ, ಬೇಕಾದಾಗ ನಾನೇ ಪದ ಯೋಳ್ತೀನಿ."

ಹೇಳಿದಳು ಕೂಡ, ನಲವತ್ತು ವರ್ಷ. ಎಲ್ಲರ ಕೈಗೂ ಫೋನು ಬಂತು, ಆದರೆ ಅವಳ ಒಂದು ಪದ ಹಿಡಿದಿಟ್ಟುಕೊಳ್ಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅತ್ತೆ ಇದ್ದೇ ಇದ್ದಾಳಲ್ಲ! ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಹೆಮ್ಮಿಗೆಯಲ್ಲಿ ಮಗನ ಮನೆಯಲ್ಲಿದ್ದಾಳೆ, ಕೈಸನ್ನೆಯಲ್ಲೇ ಮಾತು. ಅಲ್ಲಿ ಅವಳ ಆರು ವರ್ಷದ ಮೊಮ್ಮಗಳು ಒಮ್ಮೆ, "ನಮ್ಮಜ್ಜಿಗೆ ಪದ ಬತ್ತಿತ್ತಾ? ಸುಳ್ಳು" ಅಂದುಬಿಟ್ಟಿತು. ಅತ್ತೆ ನಕ್ಕಳು. ಇದನ್ನು ನಾನೇ ಸರಿಮಾಡಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ. ಫೋಟೊ ಕಂಡ ಮೇಲೆ ಆ ಪೆನಾಂಗಿನ ಅಂಗಡಿಗೆ ಎಷ್ಟು ಸಲ ಫೋನು ಮಾಡಿದರೂ ಯಾರೂ ಎತ್ತಲಿಲ್ಲ. ಎತ್ತದಿದ್ದರೆ ಬೇಡ, ನಾನೇ ಹೋಗುತ್ತೇನೆ. ಹೊರಡುವ ಮೊದಲೇ ಅಪ್ಪನ ಹಳೇ ಪ್ಲೇಯರನ್ನು ಮೈಸೂರಿಗೆ ಒಯ್ದು ರಿಪೇರಿ ಮಾಡಿಸಿಟ್ಟೆ.

ಪೆನಾಂಗಿನಲ್ಲಿ ಟೂರಿನವರೆಲ್ಲ ಬೆಟ್ಟದ ಮೇಲಿನ ಗುಡಿಗೆ ಹೊರಟರು. ನಾನು ಬಸ್ಸು ಇಳಿದು ಫೋಟೊ ತೋರಿಸುತ್ತಾ ಬೀದಿ ಬೀದಿ ಸುತ್ತಿದೆ. ಅಂಗಡಿ ಸಿಕ್ಕಿತು. ಬಾಗಿಲು ಹಾಕಿತ್ತು. ಮೂರು ಗಂಟೆಗೆ ತೆಗೆಯುತ್ತಾರೆ ಅಂತ ಪಕ್ಕದವನು ಬೆರಳಲ್ಲಿ ತೋರಿಸಿದ. ನಮ್ಮ ಬಸ್ಸು ಹೊರಡುವುದೂ ಮೂರಕ್ಕೇ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಬಸ್ಸು ಬುಟ್ಟೋದ್ರೆ ಈ ದೇಸದಲ್ಲಿ ಯಾರ್‌ನ ಕೇಳಾದು ಕಣೇ?" ಅಂದರು ಬೆನ್ನಿಗೇ ಬಂದಿದ್ದ ನಮ್ಮನೆಯವರು. ತಾಂಡ್ಯದ ಫ್ಯಾಕ್ಟರಿಯಲ್ಲಿ ಸೈರನ್ನಿಗೆ ಸರಿಯಾಗಿ ಬದುಕಿದ ಮನುಷ್ಯ, ಪಾಪ.

"ನೀವು ಓಗಿ. ನಾನು ಬರಕಿಲ್ಲ."

"ಓಗಿ ಅಂದ್ರೆ ಓಗ್ಬುಡ್ತೀನಾ? ನಿಮ್ಮತ್ತೆಗೆ ಏನಂತ ಯೋಳ್ಲಿ?" ಗೊಣಗುತ್ತಾ ಪಕ್ಕದಲ್ಲಿ ಕೂತು ಚೀಲದಿಂದ ಕೋಡುಬಳೆ ತೆಗೆದರು. ಮೂರಕ್ಕೆ ಟೂರಿನವನು ಫೋನು ಮಾಡಿ ಕೂಗಾಡಿದ. ನಾವು ಟ್ಯಾಕ್ಸಿಯಲ್ಲಿ ಹೋಟೆಲಿಗೆ ಬರುತ್ತೇವೆ, ಅಂದೆ.

ಅಂಗಡಿಯವರು ಬಂದರು. ವಯಸ್ಸಾದ ತಮಿಳರು. ನರಸೀಪುರದ ಸಂತೆಯಲ್ಲಿ ಕಲಿತ ನನ್ನ ಹರಕುಮುರುಕು ತಮಿಳಿನಲ್ಲಿ ಫೋಟೊ ತೋರಿಸಿ ಕೇಳಿದೆ. ಹೋದ ತಿಂಗಳು ಒಬ್ಬ ಬಂದು ಆ ರಾಶಿಯಲ್ಲಿ ಅರ್ಧ ಕೊಂಡುಹೋದನಂತೆ. ಮಿಕ್ಕದ್ದು ಅಟ್ಟದ ಮೇಲಿದೆ, ತನಗೆ ಮಂಡಿನೋವು, ನಾಳೆ ಬನ್ನಿ, ಅಂದರು. ನಾಳೆ ಎಲ್ಲಿಂದ ಬರಲಿ? ಸೆರಗು ಸಿಕ್ಕಿಸಿ ಏಣಿಗೆ ಕೈ ಹಾಕಿದೆ. ಅವರು ಬೇಡಮ್ಮಾ ಬೇಡಮ್ಮಾ ಅನ್ನುತ್ತಲೇ ಇದ್ದರು. ಹಾರ್ನ್ ಕಟ್ಟುವುದಕ್ಕೆ ಮನೆ ಮಾಳಿಗೆಗಳನ್ನೆಲ್ಲ ಹತ್ತಿದವಳು ನಾನು, ಈ ಏಣಿ ಯಾವ ಲೆಕ್ಕ?

ಮೂರು ಪೆಟ್ಟಿಗೆ. ಒಂದೊಂದೇ ರೆಕಾರ್ಡು ತಿರುವಿದೆ. ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಯಿತು. ಎರಡು ಪೆಟ್ಟಿಗೆ ಮುಗಿದಾಗ ಕೆಳಗಿನಿಂದ ನಮ್ಮನೆಯವರು, "ಸಿಕ್ತಾ?" ಅಂದರು. ಮೂರನೆಯದನ್ನು ಹತ್ತಿರ ಎಳೆದುಕೊಂಡೆ. ಅದರ ತಳದಲ್ಲಿ, ಇನ್ನೇನು ಮುಗಿಯಿತು ಅನ್ನುವಾಗ, ನೀಲಿ ಕಂಡಿತು.

ಅಂಗಡಿಯವರು ಅದನ್ನು ಪ್ಲೇಯರಿಗೆ ಹಾಕಿ, ನೀರು ಮುಟ್ಟಿಸಬಾರದು, ಅಡ್ಡಡ್ಡ ಒರೆಸಬಾರದು ಅಂತ ನನಗೆ ಪಾಠ ಶುರುಮಾಡಿದರು. ಗೊತ್ತು ಸಾರ್, ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಅಂದೆ. ಎರಡನೇ ಬದಿಯಲ್ಲಿ, ಕರಕರ ಸದ್ದಿನ ನಡುವೆ, ಇಪ್ಪತ್ತು ವರ್ಷದ ಹುಡುಗಿಯಾಗಿ ಅತ್ತೆ ಬಂದಳು. ನಾನು ಆ ಅಂಗಡಿಯಲ್ಲಿ ನಿಂತು ಗೊಳೋ ಅಂತ ಅತ್ತುಬಿಟ್ಟೆ. ನಮ್ಮನೆಯವರು ಕೈಯಲ್ಲಿದ್ದ ಕೋಡುಬಳೆಯನ್ನು ಅಂಗಡಿಯವರಿಗೆ ಕೊಟ್ಟು ನನ್ನ ಪಕ್ಕಕ್ಕೆ ಬಂದು ನಿಂತರು.

ವಿಮಾನದಲ್ಲೂ, ಇಳಿದು ಊರು ಮುಟ್ಟುವ ತನಕವೂ ರೆಕಾರ್ಡು ನನ್ನ ತೊಡೆಯ ಮೇಲೇ ಇತ್ತು. ಬಂದ ಮಾರನೇ ದಿನ ಪ್ಲೇಯರು ಹೊತ್ತು ಹೆಮ್ಮಿಗೆಗೆ ಹೋದೆವು. ಏನು ಎತ್ತ ಅಂತ ಹೇಳದೆ ಹಾಕಿದೆ. ತನ್ನ ಸಾಲು ಬಂದಾಗ ಅತ್ತೆಯ ತುಟಿ ಅಲುಗಿತು, ಸದ್ದು ಪೆಟ್ಟಿಗೆಯಿಂದ ಬಂತು.

"ಅಜ್ಜಿ, ಯಾರಿದು?" ಅಂದಿತು ಮೊಮ್ಮಗಳು.

ಅತ್ತೆ ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. ಆ ಮಗು ಒಮ್ಮೆ ಪೆಟ್ಟಿಗೆ ನೋಡಿತು, ಒಮ್ಮೆ ಅಜ್ಜಿಯ ಬಾಯಿ ನೋಡಿತು. ಆಮೇಲೆ ಹೋಗಿ ಅವಳ ಮಡಿಲಲ್ಲಿ ಕೂತಿತು.

ಹಾಡು ಮುಗಿದ ಮೇಲೆ ಅತ್ತೆ ಎದ್ದು ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದಳು, ನೀರಿನ ಬಟ್ಟಲೂ ಸಹ. "ಅತ್ತೇ, ಬ್ಯಾಡ ಕಣತ್ತೆ!" ಅಂತ ಕೂಗಿ ರೆಕಾರ್ಡನ್ನು ಬಾಚಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅವಳು ಭುಜ ಕುಲುಕಿಸಿಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮೂರು ಬೆರಳು ಅದ್ದಿ, ನನ್ನ ಗಲ್ಲ ಹಿಡಿದೆತ್ತಿ, ನನ್ನ ಹಣೆಗೆ ಎಳೆದಳು, ಈ ಅಂಚಿನಿಂದ ಆ ಅಂಚಿಗೆ.