ನೊರೆ ಉಕ್ಕಿದ ಕಲ್ಲು

ಬೋಡಿನಾಯಕನೂರಿನ ಆಚೆ ಇರುವ ನಮ್ಮ ಕುಲದೇವರ ಗುಡಿಯ ಮಂಟಪ ಸುಣ್ಣಕಲ್ಲಿನದು. ಕುಂಭಾಭಿಷೇಕಕ್ಕೆ ಮುಂಚೆ ಅದರ ಕಪ್ಪುಗಟ್ಟಿದ ಕಂಬಗಳನ್ನು ತೊಳೆಯಲು ಮನೆಯವರೆಲ್ಲ ಸೇರಿದ್ದೆವು. ಚಿಕ್ಕಪ್ಪ ಬತ್ತಲಗುಂಡಿನಿಂದ ಆಸಿಡ್ ಕ್ಯಾನು ತಂದಿದ್ದರು. ಅವರ ಮನೆಯ ಗ್ರಾನೈಟ್ ಮೆಟ್ಟಿಲಿನ ಕಲೆ ಅದರಿಂದಲೇ ಹೋಗಿತ್ತಂತೆ. ಸುಣ್ಣಕ್ಕೆ ಆಸಿಡ್ ಬಿದ್ದರೆ ಏನಾಗುತ್ತದೆಂದು ಶಾಲೆಯಲ್ಲಿ ನೋಡಿದ್ದೆ. ಆ ಕ್ಯಾನು ಕಂಡಾಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಮೊದ್ಲು ಒಂದು ಮೂಲೇಲಿ ಹಾಕಿ ನೋಡಿ, ಚಿಕ್ಕಪ್ಪ."

"ಕಲ್ಲಿಗೆ ಏನ್ ಆಗ್ತದೆ? ಸುಮ್ನಿರು ಕಂದ," ಎಂದವರು ಗಿಳಿ ಕೆತ್ತಿದ ಕಂಬದ ಮೇಲೆ ಸುರಿದೇಬಿಟ್ಟರು.

ಕಲ್ಲು ಬುಸುಗುಟ್ಟಿತು. ಬಿಳಿ ನೊರೆ ಉಕ್ಕಿ ಗಿಳಿಯ ಕೊಕ್ಕಿನಿಂದ ಇಳಿಯಿತು.

"ಅಯ್ಯಯ್ಯೋ, ಕರಗ್ತದೆ! ತಣ್ಣಿ ತಾರೇ, ತಣ್ಣಿ!" ಎಂದು ಅತ್ತೆ ಕಿರುಚಿದರು.

ಓಡಿ ಓಡಿ ಕೊಡಗಟ್ಟಲೆ ನೀರು ಸುರಿದೆವು. ನೊರೆ ನಿಂತಾಗ ರೆಕ್ಕೆಯ ಗೆರೆಗಳು ಮಾಸಿ, ಕೊಕ್ಕು ಮೊಂಡಾಗಿತ್ತು. ಬೈಯಬೇಕೆಂದು ತಿರುಗಿದೆ. ಚಿಕ್ಕಪ್ಪ ಕ್ಯಾನಿನ ಮುಚ್ಚಳವನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿಯುತ್ತಿದ್ದರು. ಕ್ಯಾನನ್ನು ಅವರ ಕೈಯಿಂದ ತೆಗೆದುಕೊಂಡು ಗುಡಿಯ ಹೊರಗೆ ಇಟ್ಟುಬಂದೆ.

ಉಳಿದ ಕಂಬಗಳನ್ನು ಬರೀ ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿದೆವು. ಕಪ್ಪು ಪೂರಾ ಹೋಗಲಿಲ್ಲ. ನಾನು ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗುತ್ತಿದ್ದೆ, ನಡುನಡುವೆ ಬಂದು ಗಿಳಿಯನ್ನು ಮುಟ್ಟುತ್ತಿದ್ದೆ. ಪ್ರತಿ ಸಲವೂ ಬೆರಳಿಗೆ ಬಿಳಿ ಪುಡಿ ಅಂಟುತ್ತಿತ್ತು.

"ಮತ್ತೆ ಕೆತ್ತಿಸ್ಲಾ?" ಎಂದು ಸಂಜೆ ಚಿಕ್ಕಪ್ಪ ಮೆಲ್ಲಗೆ ಕೇಳಿದರು.

"ಬೇಡ. ಇನ್ನೂ ತೆಳ್ಳಗಾಗ್ತದೆ," ಎಂದೆ.

ಕುಂಭಾಭಿಷೇಕದ ದಿನ ಎಲ್ಲರೂ ತಲೆಯೆತ್ತಿ ಗೋಪುರ ನೋಡುತ್ತಿದ್ದರೆ, ಚಿಕ್ಕಪ್ಪ ಯಾರಿಗೂ ಗಿಳಿ ಕಾಣದಂತೆ ಆ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಅತ್ತಿತ್ತ ಸುಳಿದಾಡಿ ಸಾಕಾಗಿ ನಾನೂ ಹೋಗಿ ಅವರ ಪಕ್ಕದಲ್ಲಿ ನಿಂತೆ.